ಹತ್ತು ಬುಟ್ಟಿಗೊಂದು ಕಲ್ಲು

ಮೊದಲು ಮಾತಾಡಿದ್ದು ಆಕೆಯಲ್ಲ, ಆಕೆಯ ಗಂಡ. ಸಂಡೂರು ಕಡೆಯ ಒಂದು ತಾಂಡಾದವರು. ಗಣಿ ರಸ್ತೆಯಲ್ಲಿ ಧೂಳೇಳದಂತೆ ನೀರು ಹೊಡೆಯುವ ಟ್ಯಾಂಕರ್ ಓಡಿಸುತ್ತಿದ್ದ ಆತ. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟ. "ಮೇಡಂರಿ, ಇದನ್ನ ಓದಿದವ್ರೆಲ್ಲ ಮನಿಗೆ ಹೋಗ್ರಿ ಅಂದಾರ. ನೀವೂ ಹಂಗ ಅನ್ನೋದಿದ್ರ ಈಗ್ಲೇ ಅಂದುಬಿಡ್ರಿ, ಮಧ್ಯಾಹ್ನದ ಬಸ್ಸು ಸಿಗ್ತತಿ."

ಚೀಟಿ ಬೇರೆ ಊರಿನ ಒಂದು ಆಸ್ಪತ್ರೆಯದು. ಎಡ ಎದೆಯಲ್ಲಿ ದೊಡ್ಡ ಗಡ್ಡೆ. ಹೃದಯದ ಒಂದು ಕವಾಟ ಕಿರಿದಾಗಿದೆ. ಅರಿವಳಿಕೆ ಕೊಟ್ಟ ಕೂಡಲೇ ರಕ್ತದೊತ್ತಡ ಕುಸಿದು, ಜೀವ ಉಳಿಸುವುದೇ ಕಷ್ಟವಾಗಿ, ಆಪರೇಷನ್ ಮಾಡದೆ ಎಬ್ಬಿಸಲಾಗಿದೆ. ಪೂರ್ಣ ಅರಿವಳಿಕೆಗೆ ಯೋಗ್ಯರಲ್ಲ. ಈ ಕೊನೆಯ ಸಾಲಿನ ಕೆಳಗೆ ಪೆನ್ನು ಒತ್ತಿ ಎರಡು ಗೆರೆ ಎಳೆದಿದ್ದರು.

ನಾನು ಆಗ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಗಣಿ ಜೋರಿದ್ದ ಕಾಲ. ಹಗಲೆಲ್ಲ ಅದಿರಿನ ಲಾರಿಗಳ ಸಾಲು, ಅದರ ಹಿಂದೆಯೇ ಕೈಕಾಲು ಮುರಿದವರ ಸಾಲು. ಹೆಚ್ಚಿನವರು ಗಟ್ಟಿ ಹುಡುಗರು, ಡ್ರೈವರುಗಳು, ಕ್ಲೀನರುಗಳು. ಅವರಿಗೆ ಪ್ರೊಪೊಫಾಲ್ ಅನ್ನುವ ಹಾಲಿನಂಥ ಬಿಳಿ ಔಷಧವನ್ನು ಸಿರಿಂಜಿನಲ್ಲಿ ತುಂಬಿ ಒಂದೇ ಉಸಿರಿಗೆ ನೂಕಿಬಿಡುತ್ತಿದ್ದೆ. ಅರ್ಧ ನಿಮಿಷದಲ್ಲಿ ನಿದ್ದೆ. ನನ್ನಷ್ಟು ಬೇಗ ಮಲಗಿಸುವವರು ಈ ಸೀಮೆಯಲ್ಲೇ ಇಲ್ಲ ಅಂತ ಸರ್ಜನ್‌ಗಳು ಹೊಗಳಿ ಹೊಗಳಿ 'ಜಲ್ದಿ ಮೇಡಂ' ಅಂತ ಹೆಸರಿಟ್ಟಿದ್ದರು. ನನಗೂ ಆ ಹೆಸರು ಭಾಳ ಸೇರಿತ್ತು, ಸುಳ್ಳು ಯಾಕೆ ಹೇಳಲಿ.

ಆಕೆಯನ್ನು ಒಳಗೆ ಮಲಗಿಸಿ ನೋಡಿದೆ. ಗಡ್ಡೆ ಮೂಸಂಬಿ ಗಾತ್ರಕ್ಕಿತ್ತು. ಮೇಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು, ಇನ್ನು ಸ್ವಲ್ಪ ದಿನಕ್ಕೆ ಒಡೆಯುತ್ತದೆ. ಒಡೆದರೆ ಹುಣ್ಣು, ರಕ್ತ, ಆಮೇಲೆ ಯಾರೂ ಕೈ ಹಾಕುವ ಹಾಗಿಲ್ಲ. ಅದು ಕ್ಯಾನ್ಸರಿನಂಥ ಕೆಟ್ಟ ಜಾತಿಯದೋ ಅಲ್ಲವೋ ಅಂತ ತೆಗೆದು ನೋಡದೆ ಗೊತ್ತಾಗುವಂತಿರಲಿಲ್ಲ. ಬೆನ್ನಿಗೆ ಸೂಜಿ ಹಾಕಿ ಮರಗಟ್ಟಿಸೋಣ ಅಂದರೆ ಅದನ್ನು ಎದೆಯವರೆಗೆ ಹತ್ತಿಸಿದರೆ ಈ ಹೃದಯ ತಡೆಯುವುದಿಲ್ಲ. ಅಷ್ಟು ದೊಡ್ಡ ಗಡ್ಡೆಗೆ ಅಲ್ಲಲ್ಲೇ ಮರಗಟ್ಟುವ ಔಷಧ ಚುಚ್ಚಿ ತೆಗೆಯಲೂ ಬರುವುದಿಲ್ಲ. ಪೂರ್ತಿ ಮಲಗಿಸಲೇಬೇಕು. ಮಲಗಿಸಬೇಡಿ ಅಂತ ಚೀಟಿ ಹೇಳುತ್ತಿದೆ.

ನಮ್ಮ ಸರ್ಜನ್ ಬಂದು ನೋಡಿ, "ನೀವು ಹೂಂ ಅಂದ್ರ ನಂದು ಮುಕ್ಕಾಲು ತಾಸಿನ ಕೆಲಸ. ನೀವು ಉಹ್ಞೂಂ ಅಂದ್ರ ನಂದೇನೂ ಇಲ್ಲ" ಅಂದು ಕೈತೊಳೆದುಕೊಂಡು ಹೋದರು. ಭಾರವೆಲ್ಲ ನನ್ನ ತಲೆಗೆ ಬಂತು. ನಾನು ಉಹ್ಞೂಂ ಅನ್ನುವವಳೇ ಇದ್ದೆ. ಸುಮ್ಮನೆ ಕೇಳಬೇಕಲ್ಲ ಅಂತ ಕೇಳಿದೆ: "ಅವತ್ತು ಏನಾತವ್ವಾ, ನಿನಗೇನರ ನೆನಪೈತೇನು?"

"ಎಲ್ಲಾ ಐತ್ರಿ" ಅಂದಳು. ನಲವತ್ತು ದಾಟಿದ ಹೆಂಗಸು, ಒಣ ಮೈ, ಕಣ್ಣು ಮಾತ್ರ ಸೂಜಿಯ ಹಾಗೆ. "ಕಾಲಿಗೆ ಸೂಜಿ ಹಾಕಿದ್ರು. ಔಷಧ ಬಿಡ್ತೀವಿ, ಎಣಸವ್ವಾ ಅಂದ್ರು. ಎಣಿಸಿದೆ. ಇಪ್ಪತ್ತರ ತನಕ ಏನೂ ಆಗ್ಲಿಲ್ಲ. ಇಪ್ಪತ್ತೆರಡಕ್ಕ ಒಬ್ರು, 'ಇನ್ನೂ ಮಾತಾಡಾಕತ್ತಾಳಲ್ಲ, ಉಳಿದಿದ್ದೂ ಹಾಕ್ರಿ' ಅಂದ್ರು. ಮೂವತ್ತಕ್ಕ ಮತ್ತೊಂದು ತುಂಬಿ ಹಾಕಿದ್ರು. ಮೂವತ್ತೆಂಟು ಅಂದೆ. ಮೂವತ್ತೊಂಬತ್ತು ಅನ್ನಾಕ ನಾನು ಇರ್ಲಿಲ್ಲ."

ಚೀಟಿಯನ್ನು ಮತ್ತೆ ಬಿಡಿಸಿ ನೋಡಿದೆ. ಔಷಧದ ಹೆಸರಿತ್ತು, ಒಟ್ಟು ನೂರ ನಲವತ್ತು ಮಿಲಿಗ್ರಾಂ ಅಂತ ಇತ್ತು. ಅದನ್ನು ಎಷ್ಟು ಹೊತ್ತಿನಲ್ಲಿ ಕೊಟ್ಟರು ಅಂತ ಇರಲಿಲ್ಲ. ಇರುವುದಾದರೂ ಹೇಗೆ? ನಾವ್ಯಾರೂ ಬರೆಯುತ್ತಲೇ ಇರಲಿಲ್ಲ.

ರಕ್ತನಾಳಕ್ಕೆ ಹಾಕಿದ ಔಷಧ ಅಲ್ಲೇ ಕೆಲಸ ಮಾಡುವುದಿಲ್ಲ. ಹೃದಯಕ್ಕೆ ಹೋಗಿ, ಅದರ ಬಾಗಿಲು ದಾಟಿ, ಮಿದುಳಿಗೆ ಹತ್ತಬೇಕು. ಈಕೆಯ ಬಾಗಿಲೇ ಕಿರಿದು. ಅದರ ಮೇಲೆ ಕಾಲಿನಿಂದ ಹೊರಟಿದ್ದು, ದೂರದ ದಾರಿ. ಮೊದಲು ಹಾಕಿದ ಔಷಧ ಇನ್ನೂ ಹಾದಿಯಲ್ಲಿರುವಾಗಲೇ ಹತ್ತಲಿಲ್ಲ ಅಂತ ಎರಡನೆಯದು ಹಾಕಿದ್ದಾರೆ, ಮೂರನೆಯದೂ ಹಾಕಿದ್ದಾರೆ. ಒಂದೇ ಲಾರಿ ಹೋಗುವ ಸೇತುವೆಯ ಮೇಲೆ ಮೂರು ಲಾರಿ ನುಗ್ಗಿದ ಹಾಗೆ ಎಲ್ಲ ಒಟ್ಟಿಗೇ ಬಂದು ಬಡಿದಿವೆ. ನಿದ್ದೆಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಒಂದೇ ಏಟಿಗೆ ಸಿಕ್ಕರೆ ಗಟ್ಟಿ ಹೃದಯವೇ ಕುಗ್ಗುತ್ತದೆ, ಇನ್ನು ಇದು ಎಲ್ಲಿ ನಿಂತೀತು.

ಆ ಡಾಕ್ಟರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಹೆಗಲು ಮುಟ್ಟಿ ನೋಡಿಕೊಂಡೆ. ಅವತ್ತು ಅಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ, ಇನ್ನೂ ಬೇಗ ಮಾಡುತ್ತಿದ್ದೆ.

"ಅಲ್ಲವ್ವಾ, ಇಪ್ಪತ್ತೆರಡು, ಮೂವತ್ತು, ಮೂವತ್ತೆಂಟು ಅಂತೀಯಲ್ಲ, ಅಷ್ಟು ಖಚಿತ ಹೆಂಗ ಹೇಳ್ತಿ?"

ಆಕೆಗೆ ನಗು ಬಂತು. "ಎಣಿಸೋದೇ ನನ್ನ ಕೆಲಸರಿ ಡಾಕ್ಟ್ರಮ್ಮಾ."

ಹೊಲಗಳಲ್ಲಿ ಮೇಲೆಯೇ ಸಿಗುವ ಅದಿರನ್ನು ಹೆಂಗಸರು ಸುತ್ತಿಗೆಯಿಂದ ಒಡೆದು, ಜರಡಿ ಹಿಡಿದು, ಬುಟ್ಟಿಯಲ್ಲಿ ಹೊತ್ತು, ಹಲಗೆ ಹತ್ತಿ ಲಾರಿಗೆ ಸುರಿಯುತ್ತಿದ್ದರು. ಈಕೆಗೆ ಏದುಸಿರು ಶುರುವಾದ ಮೇಲೆ ಬುಟ್ಟಿ ಹೊರುವುದು ಬಿಡಿಸಿ ಎಣಿಸಲು ನಿಲ್ಲಿಸಿದ್ದರಂತೆ. ಹಲಗೆಯ ಬುಡದಲ್ಲಿ ನಿಂತು ಎಣಿಸಬೇಕು. ಹತ್ತು ಬುಟ್ಟಿಗೆ ಒಂದು ಕಲ್ಲು ಪಕ್ಕಕ್ಕೆ ಹಾಕಬೇಕು. "ನಾನು ಎಣಿಸಿದಂಗ ಅವ್ರು ಹೆಜ್ಜಿ ಹಾಕ್ತಾರ. ನಾ ಜಲ್ದಿ ಎಣಿಸಿದ್ರ ಅವ್ರೂ ಜಲ್ದಿ ಹತ್ತಾಕ ಹೋಗಿ ಹಲಗಿ ಮ್ಯಾಲಿಂದ ಬೀಳ್ತಾರ. ಮೇಸ್ತ್ರಿ ಜಲ್ದಿ ಜಲ್ದಿ ಅಂತ ಎಷ್ಟು ಒದರಿದ್ರೂ ನಾ ನನ್ನ ಹದ ಬಿಡಂಗಿಲ್ಲ. ನನ್ನ ಎಣಿಕಿಯಾಗ ಒಬ್ಬಾಕಿನೂ ಬಿದ್ದಿಲ್ಲರಿ."

ನಮ್ಮ ಥಿಯೇಟರ್ ಸಿಸ್ಟರ್ ಕಂಪ್ಲಿಯಾಕೆ, ಯಾರ ಮಾತನ್ನೂ ಪರೀಕ್ಷೆ ಮಾಡದೆ ನಂಬುವವರಲ್ಲ. "ಎಲ್ಲಿ, ಎಣಸು ನೋಡೋಣು" ಅಂತ ಗೋಡೆ ಗಡಿಯಾರಕ್ಕೆ ಆಕೆಯ ಬೆನ್ನು ಮಾಡಿಸಿ ನಿಂತರು. ದೊಡ್ಡ ಮುಳ್ಳು ಒಂದು ಗೆರೆ ಸರಿಯುವಷ್ಟರಲ್ಲಿ ಆಕೆ ಐವತ್ತೆಂಟಕ್ಕೆ ಬಂದಿದ್ದಳು. ಇನ್ನೊಮ್ಮೆ ಮಾಡಿಸಿದರು, ಐವತ್ತೊಂಬತ್ತು. ಸಿಸ್ಟರ್ ನನ್ನ ಕಡೆ ತಿರುಗಿ, "ಮೇಡಂರ, ನಮ್ಮ ಗಡಿಯಾರನೇ ಸ್ವಲ್ಪ ಜೋರ ಓಡ್ತಿರ್ಬೇಕು ನೋಡ್ರಿ" ಅಂದರು.

ಮಧ್ಯಾಹ್ನದ ಬಸ್ಸಿಗೆ ಹೋಗುವುದು ಬೇಡ ಅಂತ ಗಂಡನಿಗೆ ಹೇಳಿದೆ.

ನಾಲ್ಕು ದಿನ ಹೃದಯದ ಡಾಕ್ಟರು ಮಾತ್ರೆ ಕೊಟ್ಟು ನಾಡಿಯ ಓಟ ತಗ್ಗಿಸಿದರು. ಅಷ್ಟರೊಳಗೆ ನನಗೂ ಆಕೆಗೂ ಒಂದು ಜಗಳ ಆಯಿತು, ಬಳೆಯದು. ಎಡಗಡೆ ಆಪರೇಷನ್, ಆದ್ದರಿಂದ ಸೂಜಿ ಬಲಗೈಗೇ ಹೋಗಬೇಕು. ಬಲಗೈ ಪೂರಾ ಮಣಿಕಟ್ಟಿನಿಂದ ತೋಳಿನವರೆಗೆ ಬಿಳಿ ಬಳೆ. ಅಂಗೈ ಹಿಂಬದಿಯ ಚರ್ಮ ಅದಿರು ಒಡೆದು ಒಡೆದು ಚಕ್ಕಳದ ಹಾಗಾಗಿದೆ, ಅಲ್ಲಿ ನರ ಸಿಗುವುದಿಲ್ಲ. ಅಲ್ಲಿನವರು ಕಾಲಿಗೆ ಯಾಕೆ ಹಾಕಿದರು ಅಂತ ಆಗ ತಿಳಿಯಿತು. ತಾಳ್ಮೆ ಅನ್ನುವುದು ನನ್ನ ಜಾತಕದಲ್ಲೇ ಇಲ್ಲ. "ಜೀವಕ್ಕಿಂತ ಬಳಿ ಹೆಚ್ಚಾತೇನು? ತೆಗದು ಗಂಡನ ಕೈಗೆ ಕೊಡು" ಅಂತ ರೇಗಿದೆ.

ಆಕೆ ದನಿ ಏರಿಸಲಿಲ್ಲ. "ತೋಳಿಂದು ಈತ ಇರೋತನಕ ಇಳಿಯಂಗಿಲ್ಲ. ಅವತ್ತು ನಾ ಸತ್ತು ಬದುಕಿದೆ, ಆಗಲೂ ಇಳಿದಿಲ್ಲ. ನಿಮಗ ಸಿಟ್ಟು ಬಂದ್ರ ನನ್ನ ಬೈರಿ ಡಾಕ್ಟ್ರಮ್ಮಾ, ಬಳಿಗ್ಯಾಕ ಬೈತೀರಿ?"

ನನಗೆ ನಾಚಿಕೆಯಾಯಿತು. ಗಂಡ ಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದ. ಸಿಸ್ಟರ್ ಸಾಬೂನು ನೀರಿನ ಬೋಗುಣಿ ತಂದು ಆಕೆಯ ಪಕ್ಕ ಕೂತರು. "ಮೊಣಕೈ ಕೆಳಗಿನವು ತೆಗೀಬಹುದಲ್ಲವ್ವಾ?" ಅಂದರು. "ಅವು ತೆಗೀರಿ, ಅಡ್ಡಿಯಿಲ್ಲ" ಅಂದಳು. ಇಷ್ಟೇ ವಿಷಯ. ನಾನು ಕೇಳುವುದು ಬಿಟ್ಟು ಕೂಗಾಡಿದ್ದೆ. ಒಂದೊಂದೇ ಬಳೆ ಜಾರಿಸಿ ತೆಗೆದ ಮೇಲೆ ಮೊಣಕೈ ಕೆಳಗೆ ಒಳ್ಳೆಯ ನರವೊಂದು ಸಿಕ್ಕಿತು.

ಮೇಲಿನ ಬಳೆ ಬಿಗಿಯಾಗಿದ್ದವು. ಅವುಗಳನ್ನು ದಾಟಿ, ಆ ಕಿರಿದಾದ ಬಾಗಿಲು ದಾಟಿ ಔಷಧ ಹೋಗಲು ಎಷ್ಟು ಹೊತ್ತು ಬೇಕು? ಹಿಂದೆ ನಮಗೆ ಪಾಠ ಹೇಳಿದ ಒಬ್ಬ ಹಳೇ ಮೇಷ್ಟ್ರು, ರುಚಿ ಗೊತ್ತಾಗುವಂಥದ್ದೇನಾದರೂ ಕೈಗೆ ಚುಚ್ಚಿ ಅದು ನಾಲಿಗೆಗೆ ಬರುವ ಹೊತ್ತು ನೋಡುತ್ತಿದ್ದ ಕಾಲದ ಬಗ್ಗೆ ಹೇಳಿದ್ದರು. ವಿಟಮಿನ್ ಇಂಜೆಕ್ಷನ್ ನರಕ್ಕೆ ಹೋದರೆ ಬಾಯಿಗೆ ಒಂದು ಘಾಟು ಬರುತ್ತದೆ, ಹಾಕಿಸಿಕೊಂಡವರಿಗೆಲ್ಲ ಗೊತ್ತು. ಹಿಂದಿನ ದಿನ ಒಂದಿಷ್ಟೇ ತೆಳು ಮಾಡಿ ಹಾಕಿ, ಹಿಂದೆಯೇ ಸಲೈನ್ ಬಿಟ್ಟು, "ಬಾಯಿಗೆ ವಾಸನಿ ಬಂದ ಕೂಡ್ಲೇ ನಿಲ್ಲಿಸು" ಅಂದೆ.

ಒಂದು, ಎರಡು ಅಂತ ಹೊರಟವಳು ಇಪ್ಪತ್ತೇಳಕ್ಕೆ ನಿಂತು ಮುಖ ಕಿವುಚಿದಳು. "ಬಂತ್ರಿ, ಥೂ." ಸಾಯಂಕಾಲ ಮತ್ತೆ ಮಾಡಿದೆ. ಮತ್ತೆ ಇಪ್ಪತ್ತೇಳು. ಅದರ ಅರ್ಧಕ್ಕೇ ಬರಬೇಕಿತ್ತು, ಸರಿಯಿದ್ದ ಹೃದಯವಾಗಿದ್ದರೆ. ನಾನು ಏನು ಕೊಟ್ಟರೂ ಅರ್ಧ ನಿಮಿಷ ಅದು ಆಕೆಗೆ ಗೊತ್ತೇ ಆಗುವುದಿಲ್ಲ. ಆ ಅರ್ಧ ನಿಮಿಷ ಕೈಕಟ್ಟಿ ಕೂರದಿದ್ದರೆ ಆಕೆ ಇರುವುದಿಲ್ಲ.

ಇಂಥ ಕೆಲಸಕ್ಕೆ ಒಂದು ಪಂಪು ಇರುತ್ತದೆ, ಸಿರಿಂಜನ್ನು ಒಂದೇ ಹದದಲ್ಲಿ ನಿಧಾನವಾಗಿ ತಳ್ಳುವಂಥದ್ದು. ನಮ್ಮ ಆಸ್ಪತ್ರೆಗೆಲ್ಲ ಇದ್ದದ್ದು ಒಂದೇ. ಆಪರೇಷನ್ ದಿನ ಬೆಳಿಗ್ಗೆ ನೋಡಿದರೆ ಅದು ಐಸಿಯುನಲ್ಲಿ ಬೇರೊಬ್ಬರ ಹೃದಯಕ್ಕೆ ಔಷಧ ತಳ್ಳುತ್ತಿದೆ. ಅದನ್ನು ಕಿತ್ತು ತಂದರೆ ಅಲ್ಲೊಬ್ಬರು ಹೋಗುತ್ತಾರೆ. ಮುಂದಕ್ಕೆ ಹಾಕೋಣ ಅಂದರೆ ಗಡ್ಡೆಯ ಮೇಲಿನ ಚರ್ಮ ರಾತ್ರಿಯಿಂದ ನೀರೊಡೆದಿದೆ. ತೆಳು ಬಿಳಿ ಬಟ್ಟೆಯ ಮೇಲೆ ಹಳದಿ ಕಲೆ. ಥಿಯೇಟರ್ ಬಾಗಿಲಲ್ಲಿ ನಾನು ಸಿರಿಂಜು ಹಿಡಿದು ನಿಂತೇ ಇದ್ದೆ. ಕೈಯಿಂದಲೇ ತಳ್ಳಬೇಕು. ಆದರೆ ನನ್ನ ಕೈ 'ಜಲ್ದಿ ಮೇಡಂ' ಕೈ, ನಿಧಾನ ಅನ್ನುವುದು ಅದಕ್ಕೆ ಗೊತ್ತಿಲ್ಲ. ಭಯ ಆಯಿತು, ಖರೇ ಹೇಳುತ್ತೇನೆ.

ಆಗ ತೋಚಿದ್ದು ಅದು. ನನಗೆ ನಿಧಾನ ಗೊತ್ತಿಲ್ಲ, ಆಕೆಗೆ ಗೊತ್ತಲ್ಲ.

ಮೇಜಿನ ಮೇಲೆ ಮಲಗಿದ್ದ ಆಕೆಯ ಹತ್ತಿರ ಹೋಗಿ, "ಅವ್ವಾ, ಈ ಸಲನೂ ನೀನು ಎಣಿಸಬೇಕಾಕ್ಕತಿ. ನಿನ್ನ ಎಣಿಕಿ ಮ್ಯಾಲೇ ನಾ ಔಷಧ ಬಿಡ್ತೀನಿ. ಹತ್ತಾದ್ರ ಅರ್ಧ ಎಂಎಲ್, ಮತ್ತ ಹತ್ತಾದ್ರ ಮತ್ತರ್ಧ. ನೀ ಎಷ್ಟು ನಿಧಾನ ಎಣಿಸ್ತೀಯೋ ನಾ ಅಷ್ಟೇ ನಿಧಾನ" ಅಂದೆ.

ಆಕೆ ಮೇಲಿನ ದೀಪ ನೋಡಿದಳು. ಹಿಂದಿನ ಸಲ ಎಣಿಸುತ್ತ ಎಣಿಸುತ್ತಲೇ ಕತ್ತಲೆಗೆ ಬಿದ್ದವಳು. ಮತ್ತೆ ಅದೇ ಒಂದರಿಂದ ಶುರು ಮಾಡು ಅಂತ ಕೇಳುತ್ತಿದ್ದೇನೆ. ಬ್ಯಾಡ ಅಂದಿದ್ದರೆ ನಾನು ಏನೂ ಅನ್ನುವ ಹಾಗಿರಲಿಲ್ಲ. ಆಕೆ ಕೇಳಿದ್ದು ಬೇರೆಯೇ. "ಹತ್ತಕ್ಕೊಂದು ಕಲ್ಲು ಹಾಕೋರ್ಯಾರು?"

"ನಾನು ಹಾಕ್ತೀನಿ" ಅಂದರು ಸಿಸ್ಟರ್. ಔಷಧದ ಖಾಲಿ ಸೀಸೆಗಳ ಮುಚ್ಚಳ ಒಂದು ಹಿಡಿ ಎತ್ತಿಕೊಂಡು ಸ್ಟೀಲ್ ತಟ್ಟೆ ಎದುರಿಗಿಟ್ಟುಕೊಂಡರು.

ಮೊದಲು ನೋವು ತಗ್ಗಿಸುವ ಔಷಧ ಸ್ವಲ್ಪ ಕೊಟ್ಟು ಆಮ್ಲಜನಕದ ಮಾಸ್ಕು ಮುಖದ ಮೇಲೆ ಹಿಡಿದೆ. ಒಂದು, ಎರಡು, ಮೂರು. ಮಾಸ್ಕಿನೊಳಗಿಂದ ದನಿ ಗುಂಯ್ ಅಂತ ಬರುತ್ತಿತ್ತು, ಹದ ಮಾತ್ರ ಅದೇ. ಹತ್ತು. ತಟ್ಟೆಯಲ್ಲಿ ಟಣ್ ಅಂತು. ಅರ್ಧ ಎಂಎಲ್ ತಳ್ಳಿದೆ. ಇಪ್ಪತ್ತು. ಟಣ್. ಮೂವತ್ತು. ಟಣ್. ಮೂವತ್ತೆಂಟು ಬಂದಾಗ ಆಕೆಯ ಕಣ್ಣು ನನ್ನ ಕಣ್ಣಿಗೆ ಬಂದು ನಿಂತವು. "ಮೂವತ್ತೊಂಬತ್ತು" ಅಂದಳು, ಮಿಕ್ಕಿದ್ದಕ್ಕಿಂತ ಒಂಚೂರು ಜೋರಾಗಿ. ಮಾಸ್ಕಿನ ಹಿಂದೆ ನಕ್ಕಳೇನೋ, ಗೊತ್ತಾಗಲಿಲ್ಲ.

ಐವತ್ತಕ್ಕೆ ಸರ್ಜನ್ ಕೈ ತೊಳೆದು ಒದ್ದೆ ಕೈ ಎತ್ತಿ ಹಿಡಿದು ಒಳಗೆ ಬಂದರು. ಅರವತ್ತಾಯಿತು. ಆಕೆಗೆ ಏನೂ ಆಗಿಲ್ಲ, ದನಿಯಲ್ಲಿ ಎಳ್ಳಷ್ಟೂ ಮಂಪರಿಲ್ಲ. ಲೆಕ್ಕ ನನಗೆ ಗೊತ್ತಿತ್ತು: ಈಗ ಮಿದುಳಿಗೆ ತಲುಪಿದ್ದು ಮೂವತ್ತರವರೆಗೆ ಕೊಟ್ಟಿದ್ದು ಅಷ್ಟೇ. ಲೆಕ್ಕ ತಲೆಗೆ ಗೊತ್ತು, ಹೆಬ್ಬೆರಳಿಗೆ ಗೊತ್ತಿಲ್ಲ. ಇನ್ನೊಂದೆರಡು ಎಂಎಲ್ ನೂಕಿಬಿಡು ಅಂತ ಅದು ತುಡಿಯುತ್ತಿತ್ತು.

"ಮೇಡಂರ, ಸೂಜಿ ನರದಾಗೇ ಐತೇನ್ರಿ? ಇನ್ನೂ ಮಾತಾಡಾಕತ್ತಾಳಲ್ಲ" ಅಂದರು ಸರ್ಜನ್.

ಅಯ್ಯೋ ದೇವರೆ, ಅದೇ ಮಾತು! ಆಕೆಯೂ ಕೇಳಿಸಿಕೊಂಡಳು. ರೆಪ್ಪೆ ಒಮ್ಮೆ ಅದುರಿತು. ಆದರೆ ಅರವತ್ತಾರು ಆದ ಮೇಲೆ ಅರವತ್ತೇಳು ಎಲ್ಲಿ ಬರಬೇಕೋ ಅಲ್ಲೇ ಬಂತು, ಮುಂಚೆ ಅಲ್ಲ, ತಡ ಅಲ್ಲ. ಮೇಸ್ತ್ರಿ ಒದರಿದರೂ ಹದ ಬಿಡುವುದಿಲ್ಲ ಅಂದಿದ್ದಳಲ್ಲ. ಸಾವಿನ ಬಾಗಿಲು ನೋಡಿ ಬಂದವಳು ಇಷ್ಟು ಗಟ್ಟಿಯಾಗಿ ಎಣಿಸುತ್ತಿರುವಾಗ, ಬರೀ ಸಿರಿಂಜು ಹಿಡಿದ ನನಗೇನು ಧಾಡಿ? ಹೆಬ್ಬೆರಳನ್ನು ಸಿರಿಂಜಿನ ಹಿಂಬದಿಯಿಂದ ತೆಗೆದು ಪಕ್ಕಕ್ಕೆ ಇಟ್ಟುಕೊಂಡೆ. ಟಣ್ ಅಂದಾಗ ಮಾತ್ರ ಅಲ್ಲಿಗೆ ತಂದೆ. "ತಾಳಿದವರು ಬಾಳ್ಯಾರು, ಸರ್" ಅಂತ ಸಿಸ್ಟರ್ ಮುಚ್ಚಳ ಹಾಕುತ್ತಲೇ ಸರ್ಜನ್‌ಗೆ ಹೇಳಿದರು.

ಎಂಬತ್ತರ ಹೊತ್ತಿಗೆ ದನಿ ದಪ್ಪವಾಯಿತು. ಎಂಬತ್ತೈದರ ಮೇಲೆ ರೆಪ್ಪೆ ಇಳಿದವು, ಎಣಿಕೆ ನಿಲ್ಲಲಿಲ್ಲ. ತೊಂಬತ್ತು, ಟಣ್. ತೊಂಬತ್ತೊಂದು. ತೊಂಬತ್ತೆರಡು. "ತೊಂಬ... ತ್ಮೂರು."

ತೊಂಬತ್ನಾಲ್ಕು ಬರಲಿಲ್ಲ.

ಸಿರಿಂಜು ಕೆಳಗಿಟ್ಟುಬಿಟ್ಟೆ. ತೋಳಿನಲ್ಲಿ, ದಾರಿಯಲ್ಲಿ ಇರುವುದು ಇನ್ನೂ ಬರಬೇಕು. ಈಗಲೇ ಏನನ್ನೂ ನಂಬುವ ಹಾಗಿಲ್ಲ. ಯಾರೂ ಹೇಳದೆಯೇ ಸಿಸ್ಟರ್ ಎಣಿಕೆ ಎತ್ತಿಕೊಂಡರು, ಆಕೆಯ ಹದದಲ್ಲೇ. ತೊಂಬತ್ನಾಲ್ಕು, ತೊಂಬತ್ತೈದು. ರಕ್ತದೊತ್ತಡದ ಪಟ್ಟಿ ಕಾಲಿನ ಮೇಲೆ ಉಬ್ಬಿ ಇಳಿಯಿತು. ಮೊದಲು ನೂರ ಹತ್ತಿದ್ದದ್ದು ನೂರ ನಾಲ್ಕು. ಮತ್ತೆ ಉಬ್ಬಿತು, ತೊಂಬತ್ತೆಂಟು. ಸಿಸ್ಟರ್ ನೂರ ಇಪ್ಪತ್ತರಲ್ಲಿದ್ದರು. ಮತ್ತೊಮ್ಮೆ, ತೊಂಬತ್ತಾರು. ಮತ್ತೊಮ್ಮೆ, ತೊಂಬತ್ತಾರು. ಅಲ್ಲೇ ನಿಂತಿತು. ಉಸಿರನ್ನೂ ತಾನೇ ಆಡುತ್ತಿದ್ದಳು. ತಟ್ಟೆಯಲ್ಲಿ ಒಂಬತ್ತು ಮುಚ್ಚಳ. ನಾಲ್ಕೂವರೆ ಎಂಎಲ್, ನಲವತ್ತೈದು ಮಿಲಿಗ್ರಾಂ. ಮೊದಲು ನೂರ ನಲವತ್ತು ಕೊಟ್ಟಿದ್ದ ಹೆಂಗಸಿಗೆ ಅದರ ಮೂರನೇ ಒಂದು ಪಾಲೂ ಬೇಕಿರಲಿಲ್ಲ. ಬೇಕಿದ್ದದ್ದು ಒಂದೂವರೆ ನಿಮಿಷ ಮಾತ್ರ.

"ಈಗ ಶುರು ಮಾಡ್ರಿ ಸರ್" ಅಂದೆ.

ಮುಕ್ಕಾಲು ತಾಸಿಗೆ ಗಡ್ಡೆ ಹೊರಗೆ ಬಂತು. ಎಚ್ಚರವಾದಾಗ ಆಕೆ ಮೊದಲು ಬಲದೋಳು ಮುಟ್ಟಿ ಬಳೆ ನೋಡಿಕೊಂಡಳು. ಆಮೇಲೆ ಒಣ ಗಂಟಲಲ್ಲಿ, "ಎಷ್ಟಕ್ಕ ನಿಂತೆ?" ಅಂದಳು.

"ತೊಂಬತ್ಮೂರಕ್ಕ."

"ಅಯ್ಯ, ನೂರು ಆಗ್ಲಿಲ್ಲಲ್ಲ" ಅಂತ ಲೊಚಗುಟ್ಟಿ ಮತ್ತೆ ಕಣ್ಣು ಮುಚ್ಚಿದಳು. ನಾನು ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಗಡ್ಡೆ ಕೆಟ್ಟ ಜಾತಿಯದಲ್ಲ ಅಂತ ಪರೀಕ್ಷೆಯಿಂದ ಬಂತು. ಆದರೆ ಕವಾಟದ್ದು ಹಾಗೇ ಬಿಡುವಂತಿರಲಿಲ್ಲ, ದೊಡ್ಡ ಹೃದಯದ ಆಸ್ಪತ್ರೆಗೆ ಹೋಗಬೇಕು. ಅಲ್ಲಿನ ಅರಿವಳಿಕೆ ಡಾಕ್ಟರಿಗೆ ಎರಡು ಪುಟ ಪತ್ರ ಬರೆದೆ: ಕೈಯಿಂದ ನಾಲಿಗೆಗೆ ಎಷ್ಟು ಹೊತ್ತು, ಹತ್ತು ಸೆಕೆಂಡಿಗೆ ಎಷ್ಟು ಕೊಟ್ಟೆ, ಎಲ್ಲಿ ನಿಲ್ಲಿಸಿದೆ, ಎಷ್ಟು ಕಾದೆ. ಇಬ್ಬರಿಗೂ ಒಮ್ಮೆ ಓದಿ ಹೇಳಿ, ಗಂಡನ ಕೈಗೆ ಕೊಟ್ಟು, "ಇದು ಭಾಳ ಮುಖ್ಯ, ಜೋಪಾನ" ಅಂತ ಮೂರು ಸಲ ಹೇಳಿದೆ. ಆತ ಮೂರು ಸಲವೂ ತಲೆಯಾಡಿಸಿದ.

ಕೆಲವು ತಿಂಗಳ ಮೇಲೆ ಇಬ್ಬರೂ ಬಂದರು. ಆಕೆ ಮೆಟ್ಟಿಲು ಹತ್ತಿಯೇ ಬಂದಿದ್ದಳು, ನಡುವೆ ಕೂರದೆ. ಹೊಸ ಆಸ್ಪತ್ರೆಯ ಚೀಟಿ ಮುಂದಿಟ್ಟಳು. ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಅದರ ಮುಂದೆಯೇ ಎಷ್ಟು ನಿಮಿಷದಲ್ಲಿ ಕೊಡಲಾಯಿತು ಅಂತಲೂ ಬರೆದಿತ್ತು. ನನಗೆ ಎಲ್ಲಿಲ್ಲದ ಹಿಗ್ಗು.

"ನನ್ನ ಪತ್ರ ಚೊಲೋ ಕೆಲಸ ಮಾಡೇತಲ್ಲ!" ಅಂದೆ.

ಗಂಡ ಕಿವಿ ಕೆರೆದುಕೊಂಡ. "ಅದು... ಟ್ಯಾಂಕರಿನಾಗ ಇಟ್ಟಿದ್ದೆರಿ ಮೇಡಂರ. ನೀರಾಗ ನೆನದು ಮುದ್ದಿ ಆತ್ರಿ. ನಿಮಗ ಹೇಳಾಕ ಅಂಜಿದೆ."

"ಮತ್ತ ಇದನ್ನೆಲ್ಲ ಅವ್ರಿಗೆ ಹೇಳಿದವ್ರ್ಯಾರು?"

"ನಾನೇ" ಅಂದಳು ಆಕೆ. "ಮೇಜಿನ ಮ್ಯಾಲೆ ಮಲಗಿಸಿದ ಕೂಡ್ಲೇ ಹೇಳಿದೆ. ಕೈಯಿಂದ ನಾಲಿಗಿಗೆ ಇಪ್ಪತ್ತೇಳು, ಹತ್ತಕ್ಕ ಅರ್ಧ, ತೊಂಬತ್ಮೂರಕ್ಕ ನಿದ್ದಿ, ಆಮ್ಯಾಲೂ ಮೂವತ್ತು ಎಣಿಸೋತನಕ ಕಾಯ್ರಿ, ಅವಸರ ಮಾಡಿದ್ರ ನಾ ಹೊಕ್ಕೀನಿ ಅಂದೆ. ಅಲ್ಲಿದ್ದವ್ರೆಲ್ಲ ಕೈ ಬಿಟ್ಟು ನಿಂತ್ರು. ದೊಡ್ಡ ಡಾಕ್ಟ್ರು ಬಗ್ಗಿ, 'ಇದನ್ನೆಲ್ಲ ನಿನಗ ಯಾರು ಕಲಿಸಿದ್ರವ್ವಾ?' ಅಂತ ಕೇಳಿದ್ರು."

"ಏನಂದಿ?" ನನ್ನ ಹೆಸರು ಹೇಳಿರಬೇಕು ಅಂತ ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

"ಯಾರೂ ಕಲಿಸಿಲ್ಲರಿ. ಹೊಸಪೇಟ್ಯಾಗ ನಮ್ಮ ಡಾಕ್ಟ್ರಮ್ಮ ಅದಾರ, ಅವ್ರಿಗೆ ನಾನೇ ಕಲಿಸೀನಿ ಅಂದೆ."